‘ಮಲಗಿಯೇ ಗೆಲ್ಲುತ್ತೇವೆ’ – ಲ್ಯಾಟಿನ್‌ನಲ್ಲಿ ಹೇಗೆ? ಕಲಿಕೆ ಎಲ್ಲಿಂದ ಶುರು ಮಾಡಲಿ?

ಗೆಳೆಯರ ಬಳಗದ ಅಂಗಿಗಳ ಮೇಲೆ ಈ ಧ್ಯೇಯವಾಕ್ಯ ಅಚ್ಚು ಹಾಕಿಸಬೇಕು, ಅದೇ ನೆಪದಲ್ಲಿ ಭಾಷೆಯನ್ನೂ ಕಲಿಯಬೇಕು ಅಂದಿದ್ದೀರಿ. ನಾನು ಲ್ಯಾಟಿನ್‌ಗೆ ಇಳಿದದ್ದೂ ಇಂಥದ್ದೇ ತಮಾಷೆಯಿಂದ.

ಮೊದಲು ನಿಮ್ಮ ವಾಕ್ಯ: ದೊರ್ಮಿಯೆಂದೋ ವಿಂಕಿಮುಸ್. ರೋಮನ್ ಅಕ್ಷರಗಳು ಹೀಗೆ: ಡಿ-ಓ-ಆರ್-ಎಂ-ಐ-ಇ-ಎನ್-ಡಿ-ಓ, ಆಮೇಲೆ ವಿ-ಐ-ಎನ್-ಸಿ-ಐ-ಎಂ-ಯು-ಎಸ್. ಕಲ್ಲಿನ ಶಾಸನದ ಗತ್ತು ಬೇಕಿದ್ದರೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದು, ‘ಯು’ ಜಾಗದಲ್ಲೂ ‘ವಿ’ ಹಾಕಿ. ರೋಮನ್ನರು ಕೆತ್ತುತ್ತಿದ್ದದ್ದು ಹಾಗೆಯೇ.

ದೊರ್ಮಿಯೆಂದೋ ಅಂದರೆ ‘ಮಲಗುವುದರಿಂದ’. ‘ಮಲಗಿಯೇ’ ಎಂಬಲ್ಲಿ ಒತ್ತು ಕೊಡುವ ಆ ‘ಏ’ಗೆ ಬೇರೆ ಪ್ರತ್ಯಯ ಹುಡುಕಬೇಡಿ, ಒತ್ತಬೇಕಾದ ಪದವನ್ನು ಮುಂದಿಟ್ಟರೆ ಸಾಕು. ‘ನಾವು’ ಕೂಡ ಬೇಡ. ‘ಗೆಲ್ಲುತ್ತೇವೆ’ಯ ಕೊನೆಯ ‘ಏವೆ’ ಮಾಡುವ ಕೆಲಸವನ್ನು ಅಲ್ಲಿ ‘ಮುಸ್’ ಮಾಡುತ್ತದೆ.

ಎಚ್ಚರ ಬೇಕಾದದ್ದು ಈ ಬಾಲದಲ್ಲೇ. ವಿಂಕಿಮುಸ್ ‘ಗೆಲ್ಲುತ್ತೇವೆ’, ವಿಂಕೇಮುಸ್ ‘ಮುಂದೆ ಗೆಲ್ಲುತ್ತೇವೆ’, ವೀಕಿಮುಸ್ ‘ಗೆದ್ದೆವು’. ಕೊನೆಯ ಎಸ್ ಬದಲು ಆರ್ ಬಿದ್ದು ವಿಂಕಿಮುರ್ ಆಯಿತೋ, ಕರ್ಮಣಿ ಪ್ರಯೋಗವಾಗಿ ‘ಮಲಗಿ ಮಲಗಿ ಸೋಲುತ್ತಿದ್ದೇವೆ’ ಎಂದು ಅಂಗಿಯೇ ಸಾರುತ್ತದೆ. ಅದೂ ನಿಜವಿರಬಹುದು, ನಿಮ್ಮ ಬಳಗದ ವಿಷಯ ನನಗೇನು ಗೊತ್ತು!

ನನ್ನ ಕಥೆ ಕೇಳಿ. ಕಾಗದದ ಮೇಲೆ ‘ನಾಳೆ ಮಾಡೋಣ’ ಎಂದು ಲ್ಯಾಟಿನ್‌ನಲ್ಲಿ ದೊಡ್ಡದಾಗಿ ಬರೆದು ಮೇಜಿನೆದುರು ಅಂಟಿಸಿಕೊಂಡಿದ್ದೆ: ಕ್ರಾಸ್ ಫಾಕಿಯೇಮುಸ್. ಲ್ಯಾಟಿನ್ ಓದಿಕೊಂಡಿದ್ದ ಪರಿಚಿತರೊಬ್ಬರು ನೋಡಿ, “ಇದು ಸೋಮಾರಿಯ ಮಾತಲ್ಲ ಕಣ್ರೀ, ಸಾಲಗಾರ ಕೊಟ್ಟ ಮಾತು” ಎಂದರು. ನಾನು ಬರೆದದ್ದು ‘ನಾಳೆ ಮಾಡುತ್ತೇವೆ’ ಎಂಬ ಭವಿಷ್ಯತ್ತು. ಬೇಕಿದ್ದದ್ದು ‘ಮಾಡೋಣ’ದ ವಿಧ್ಯರ್ಥ, ಫಾಕಿಯಾಮುಸ್. ಒಂದು ಸ್ವರ ತಪ್ಪಿದ್ದಕ್ಕೆ ನಗೆಯೆಲ್ಲ ಸೋರಿಹೋಗಿತ್ತು. ಅವತ್ತು ಸಂಜೆಯೇ ಕ್ರಿಯಾಪದಗಳ ಪಟ್ಟಿ ಹಿಡಿದು ಕೂತೆ.

ಬಳಗದಲ್ಲಿ ಲ್ಯಾಟಿನ್ ಗೊತ್ತಿಲ್ಲದವರಿಗೂ ನಗು ಬರಬೇಕಾ? ಹಾಗಾದರೆ ಸೀಸರನ ‘ವೇನೀ, ವೀದೀ, ವೀಕೀ’ಯ ಬಾಲ ತಿರುಚಿ: ವೇನಿಮುಸ್, ವೀದಿಮುಸ್, ದೊರ್ಮೀವಿಮುಸ್. ಬಂದೆವು, ನೋಡಿದೆವು, ಮಲಗಿದೆವು. ಸೀಸರನ ಮಾತು ಕ್ರಿ.ಪೂ. 47ರ ಜೇಲಾ ಯುದ್ಧದ ಗೆಲುವಿನದು, ಬಹಳ ಜನರ ಕಿವಿಗೆ ಬಿದ್ದಿರುವಂಥದ್ದು. ಅದನ್ನು ಕನ್ನಡದಲ್ಲಿ ಹೇಳಿನೋಡಿ: ಬಂದೆ, ನೋಡಿದೆ, ಗೆದ್ದೆ. ಅಲ್ಲೂ ಮೂರೇ ಪದ, ಇಲ್ಲೂ ಮೂರೇ ಪದ. ಇಂಗ್ಲಿಷಿನವರಿಗೆ ಆರು ಬೇಕು.

ಕನ್ನಡದವರಿಗೆ ಲ್ಯಾಟಿನ್ ಅಷ್ಟೇನೂ ದೂರದ್ದಲ್ಲ ಎಂದು ನನಗೆ ಮನದಟ್ಟಾದದ್ದು ಹೀಗೇ. ವಿಭಕ್ತಿ ಎಂದರೆ ನಾವು ಬೆಚ್ಚುವುದಿಲ್ಲ. ಅವರ ಸ್ವರಗಳಲ್ಲಿ ಎ-ಏ, ಒ-ಓ ಬೇರೆ ಬೇರೆ, ನಮ್ಮ ಲಿಪಿಯಲ್ಲೂ ಬೇರೆ ಬೇರೆ. ಹಾಗಾಗಿ ಶುರುವಿನಲ್ಲಿ ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ನಾಚಿಕೆ ಬೇಡ. (ಚರ್ಚಿನ ಉಚ್ಚಾರದಲ್ಲಿ ವಿಂಕಿಮುಸ್ ‘ವಿಂಚಿಮುಸ್’ ಆಗುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ.) ಸಂಸ್ಕೃತದ ಪರಿಚಯವಿದ್ದರೆ ನೆಂಟರೂ ಸಿಗುತ್ತಾರೆ: ಇಗ್ನಿಸ್ ನಮ್ಮ ಅಗ್ನಿ, ಸೆಪ್ತೆಮ್ ನಮ್ಮ ಸಪ್ತ. ನಿಮ್ಮ ದೊರ್ಮಿಯೆಂದೋಗೂ ನಿದ್ರೆಯೊಳಗಿನ ‘ದ್ರಾ’ಕ್ಕೂ ಹಳೆಯ ನಂಟಿದೆ ಎನ್ನುತ್ತಾರೆ ಭಾಷಾವಿಜ್ಞಾನಿಗಳು.

ಪುಸ್ತಕ ಒಂದೇ ಹೇಳುತ್ತೇನೆ: ಹಾನ್ಸ್ ಅರ್ಬರ್ಗ್ ಅವರ ‘ಲಿಂಗ್ವಾ ಲಟೀನಾ’ ಸರಣಿಯ ಮೊದಲ ಭಾಗ, ‘ಫಮಿಲಿಯಾ ರೋಮಾನಾ’. 35 ಅಧ್ಯಾಯ, ಮೊದಲ ಸಾಲಿನಿಂದಲೇ ಬರೀ ಲ್ಯಾಟಿನ್. ಚಿತ್ರ ನೋಡಿ, ಸಂದರ್ಭ ನೋಡಿ ಅರ್ಥ ಊಹಿಸಬೇಕು. ಶುರುವಾಗುವುದು ‘ರೋಮಾ ಇನ್ ಇತಾಲಿಯಾ ಎಸ್ತ್’ ಎಂದು: ರೋಮ್ ಇಟಲಿಯಲ್ಲಿ ಇದೆ. ಕ್ರಿಯಾಪದ ನಮ್ಮಂತೆಯೇ ಕೊನೆಯಲ್ಲಿ! ನಡುವೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ಎರಡೆರಡು ಸಲ ಅನುವಾದಿಸಿಕೊಳ್ಳುವ ತಾಪತ್ರಯ ತಪ್ಪುತ್ತದೆ.

ನಿಘಂಟು ತೆರೆದಾಗ ಗಲಿಬಿಲಿಯಾಗಬಹುದು. ಕನ್ನಡದ ನಿಘಂಟಿನಲ್ಲಿ ‘ಗೆಲ್ಲು’ ಎಂದಿರುವ ಕಡೆ ಅಲ್ಲಿ ‘ವಿಂಕೋ’, ಅಂದರೆ ‘ನಾನು ಗೆಲ್ಲುತ್ತೇನೆ’ ಎಂದಿರುತ್ತದೆ. ಜೊತೆಗೆ ಅದೇ ಕ್ರಿಯಾಪದದ ಇನ್ನು ಮೂರು ರೂಪ: ವಿಂಕೆರೆ (ಗೆಲ್ಲುವುದು), ವೀಕೀ (ಗೆದ್ದೆ), ವಿಕ್ತುಮ್ (ಗೆಲ್ಲಲು). ನಾಲ್ಕನ್ನೂ ಒಟ್ಟಿಗೇ ಬಾಯಿಪಾಠ ಮಾಡಿ. ವೀಕೀ ಗೊತ್ತಿಲ್ಲದಿದ್ದರೆ ‘ಗೆದ್ದೆವು’ ಹುಟ್ಟುವುದೇ ಇಲ್ಲ.

ನಾವು ನಿಜಕ್ಕೂ ಎಡವುವುದು ಲಿಂಗದಲ್ಲಿ. ನಮಗೆ ಮೇಜೂ ಪುಸ್ತಕವೂ ‘ಅದು’. ಅಲ್ಲಿ ಮೇಜು, ಅಂದರೆ ಮೇನ್ಸ, ‘ಅವಳು’. ಪುಸ್ತಕ, ಅಂದರೆ ಲಿಬೆರ್, ‘ಅವನು’. ತರ್ಕ ಹುಡುಕಿ ನಾನು ಕೆಲವು ವಾರ ಹಾಳು ಮಾಡಿಕೊಂಡೆ. ನೀವು ಪ್ರತಿ ನಾಮಪದದ ಪಕ್ಕದಲ್ಲೇ ಲಿಂಗವನ್ನೂ ಬರೆದುಕೊಂಡು ಮುಂದೆ ಹೋಗಿ.