ಎತ್ತಿದರೆ ಮಾತಿಲ್ಲ: ಶಿರಸಿ ಕಡೆಯ ಒಂದು ಆಪ್ತಸಲಹೆ ಪ್ರಕರಣ

ಸುಮಾ ನನ್ನ ಹತ್ತಿರ ಬಂದದ್ದು ಫೋನಿನ ಕಾಟ ಹೇಳಿಕೊಳ್ಳಲಿಕ್ಕಲ್ಲ. ನಿದ್ದೆ ಇಲ್ಲ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ, ಡಾಕ್ಟರು ಇಸಿಜಿ ತೆಗೆಸಿ ಹೃದಯಕ್ಕೆ ಎಂತದೂ ಆಗಿಲ್ಲ ಎಂದರು, ಆಪ್ತಸಲಹೆಗೆ ಹೋಗಿ ನೋಡು ಎಂದು ಕಳಿಸಿದರು. ಇಷ್ಟು ಹೇಳುವಷ್ಟರಲ್ಲಿ ಆಚೆ ಕೋಣೆಯಲ್ಲಿ ಫೋನು ರಿಂಗಾಯಿತು. ಅವಳ ಕೈಲಿದ್ದ ಲೋಟ ಅಲುಗಿ ನೀರು ಮಡಿಲ ಮೇಲೆ ಚೆಲ್ಲಿತು. "ಫೋನು ಅಂದರೆ ಹೆದರಿಕೆಯಾ ತಂಗಿ?" ಎಂದು ಕೇಳಿದೆ. ಒರೆಸಿಕೊಳ್ಳುವುದನ್ನು ಬಿಟ್ಟು ಅತ್ತಳು.

ಇಲ್ಲಿನ ಹೆಸರುಗಳು ನಿಜವಲ್ಲ. ಊರು ಗುರುತಾಗುವ ವಿವರಗಳನ್ನೂ ಬದಲಿಸಿದ್ದೇನೆ. ಆ ಮನೆಯ ನಾಲ್ಕೂ ಜನರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಮಾತೆಲ್ಲ ನಡೆದದ್ದು ಹವಿಗನ್ನಡದಲ್ಲಿ, ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡಕ್ಕೆ ತಂದಿದ್ದೇನೆ.

ಮನೆ ಇರುವುದು ಶಿರಸಿ ತಾಲೂಕಿನ ಒಂದು ಕಣಿವೆಯಲ್ಲಿ, ಅಡಿಕೆ ತೋಟದ ತಲೆಗೆ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ಬೆಟ್ಟ ಹತ್ತಬೇಕು. ಹಾಗಾಗಿ ಜಗಲಿಯ ಗೂಡಿನಲ್ಲಿರುವ ಸ್ಥಿರ ದೂರವಾಣಿಯೇ ಇಂದಿಗೂ ಆ ಮನೆಯ ಕಿವಿ. ಎರಡು ವರ್ಷದ ಹಿಂದೆ ತಾಮ್ರದ ತಂತಿ ಹೋಗಿ ಫೈಬರ್ ಬಂತು, ನಂಬರು ಹಳೆಯದೇ ಉಳಿಯಿತು. ಫೋನಿನ ಸೆಟ್ಟೂ ಹಳೆಯದೇ, ನಂಬರು ತೋರಿಸುವ ಕಿಟಕಿ ಅದಕ್ಕಿಲ್ಲ. ಮನೆಯಲ್ಲಿ ಅತ್ತೆ ಭಾಗೀರಥಿ, ಮಾವ, ಶಿರಸಿಗೆ ಬೈಕಿನಲ್ಲಿ ಕೆಲಸಕ್ಕೆ ಹೋಗಿಬರುವ ಗಂಡ ಮತ್ತು ಸುಮಾ. ಮದುವೆಯಾಗಿ ಮೂರು ವರ್ಷ.

ಕಳೆದ ಆಷಾಢದ ಮಳೆಯಲ್ಲಿ ಶುರುವಾಯಿತು. ರಿಂಗಾಗುತ್ತದೆ, ಎತ್ತಿದರೆ ಮಾತಿಲ್ಲ. ಹಲೋ, ಹಲೋ, ಯಾರು ಎಂದು ಕೇಳಿದರೂ ಇಲ್ಲ. ಸ್ವಲ್ಪ ಹೊತ್ತಿಗೆ ಟಕ್ ಎಂದು ಕಡಿದುಹೋಗುತ್ತದೆ. ದಿನಕ್ಕೆ ಎರಡು, ಕೆಲವು ದಿನ ಮೂರು. ಮೊದಲ ವಾರ ಲೈನು ಸರಿಯಿಲ್ಲ ಎಂದುಕೊಂಡರು. ಲೈನ್‌ಮನ್ ಬಂದು ನೋಡಿ ಲೈನು ಚೆನ್ನಾಗಿದೆ ಎಂದ ಮೇಲೆ ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಯೋಚನೆ ಬೆಳೆಯಿತು. ಮಾವನಿಗೆ ಬೆಟ್ಟದ ಗಡಿ ತಕರಾರು ಇರುವ ದಾಯಾದಿಗಳ ಮೇಲೆ ಅನುಮಾನ. ಗಂಡನಿಗೆ ಯಾರೋ ಹುಡುಗರ ಕಿತಾಪತಿ. ಅತ್ತೆಗೆ ಸೊಸೆಯ ಮೇಲೆ.

ಅತ್ತೆಯ ಲೆಕ್ಕ ಹೀಗಿತ್ತು. ಸುಮಾ ಎತ್ತಿದಾಗ ಕರೆ ಒಂದೆರಡು ಕ್ಷಣ ಜಾಸ್ತಿ ಇದ್ದರೆ, ಅವಳು ಏನೋ ಸನ್ನೆ ಮಾಡಿ ಇಡುತ್ತಾಳೆ. ತಾನೇ ಎತ್ತಿದಾಗ ಮಾತಿಲ್ಲದಿದ್ದರೆ, ತನ್ನ ದನಿ ಕೇಳಿ, ಸೊಸೆಗೆಂದು ಕರೆ ಮಾಡಿದವನು ಸುಮ್ಮನಾದ. ಇದನ್ನು ತಿಳಿದ ಸುಮಾ ಫೋನಿನ ಹತ್ತಿರ ಹೋಗುವುದನ್ನೇ ಬಿಟ್ಟಳು. ಆಗ, "ಈಗ ಎಂತಕ್ಕೆ ಎತ್ತುತ್ತಿಲ್ಲ? ಮೊದಲೆಲ್ಲ ಓಡಿ ಹೋಗುತ್ತಿದ್ದೆಯಲ್ಲ" ಎಂಬ ಮಾತು ಬಂತು. ಎತ್ತಿದರೂ ತಪ್ಪು, ಎತ್ತದಿದ್ದರೂ ತಪ್ಪು. ಅವಳು ತವರಿಗೆ ಹೋಗಿದ್ದ ಹತ್ತು ದಿನವೂ ಕರೆ ಬರುತ್ತಲೇ ಇತ್ತು. ಅದನ್ನಾದರೂ ಅತ್ತೆ ಒಪ್ಪಬಹುದು ಎಂದುಕೊಂಡಳು. "ನೀನು ಹೋದದ್ದು ಅವನಿಗೆ ಗೊತ್ತಿಲ್ಲ" ಎಂದರಂತೆ. ಮಾತಾಡುವ ಕರೆಯಾಗಿದ್ದರೆ ಅವನು ಹೇಳಿದ ಒಂದು ಮಾತನ್ನಾದರೂ ಹಿಡಿದು ಸುಳ್ಳೆಂದು ತೋರಿಸಬಹುದು. ಇಲ್ಲಿ ಹಿಡಿಯಲಿಕ್ಕೆ ಏನೂ ಇಲ್ಲ. ಮೂರು ತಿಂಗಳು ಆ ಹುಡುಗಿ ಬದುಕಿದ್ದು ಇದರೊಳಗೆ.

ಗಂಡ ಕೆಟ್ಟವನಲ್ಲ. ಆದರೆ ಒಂದು ರಾತ್ರಿ ಅವಳು ಮಲಗಿದ ಮೇಲೆ ಅವಳ ಮೊಬೈಲು ತೆರೆದು ನೋಡಿದ. ಏನೂ ಸಿಗಲಿಲ್ಲ ಎಂದು ಬೆಳಿಗ್ಗೆ ಅವಳಿಗೆ ಸಮಾಧಾನ ಹೇಳಲು ಬಂದ! ಎದೆ ಹೊಡೆದುಕೊಳ್ಳುವುದು ಶುರುವಾದದ್ದು ಆ ದಿನದಿಂದ ಎಂದು ಸುಮಾ ನೆನಪಿಟ್ಟು ಹೇಳಿದಳು. ಮುಂದಿನ ವಾರ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಇದನ್ನು ನೇರವಾಗಿಯೇ ಹೇಳಿದೆ. ಹೆಂಡತಿ ನಿರ್ದೋಷಿ ಎಂದು ತೋರಿಸಲಿಕ್ಕೆ ಅವಳ ಫೋನು ತಪಾಸಣೆ ಮಾಡುವವನು ಮೊದಲೇ ಅವಳನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಿದ್ದಾನೆ. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ.

ಎಲ್ಲರನ್ನೂ ಬೇರೆಬೇರೆಯಾಗಿ ಕೇಳಿದ ಮೇಲೆ ಅವರ ಜಗಲಿಯಲ್ಲೇ ನಾಲ್ವರನ್ನೂ ಕೂರಿಸಿ ಒಂದು ಮಾತು ಬೇಡಿದೆ: ಹದಿನೈದು ದಿನ "ಯಾರು" ಎಂಬ ಪ್ರಶ್ನೆ ಈ ಮನೆಯಲ್ಲಿ ಬೇಡ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಹಿಂದೆ ಏನು ಕೇಳಿಸಿತು, ಇಷ್ಟೇ ಬರೆಯಿರಿ. ಬರೆಯುವ ಕೆಲಸ ಅತ್ತೆಯದು. ಅನುಮಾನ ಅವರದ್ದಾದ್ದರಿಂದ ದಾಖಲೆಯೂ ಅವರ ಕೈಯಲ್ಲೇ ಆಗಬೇಕಿತ್ತು, ಸೊಸೆ ಬರೆದದ್ದನ್ನು ಅವರು ನಂಬುತ್ತಿರಲಿಲ್ಲ. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಇದನ್ನೂ ಬರೆದರು. ಜೊತೆಗೆ, ನಂಬರು ತೋರಿಸುವ ಸೆಟ್ಟೊಂದನ್ನು ತರಲು ಗಂಡನಿಗೆ ಹೇಳಿದೆ. ದೂರವಾಣಿ ಕಚೇರಿಯಲ್ಲಿ ಆ ಸೌಲಭ್ಯ ತೆರೆಸಿದರು. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಅದು. ಬೆದರಿದ ಮನೆಯವರಿಗೆ ಸಣ್ಣ ದಾರಿಗಳು ಕಾಣುವುದಿಲ್ಲ.

ಕರೆ ಎತ್ತುವ ಕ್ರಮವನ್ನೂ ಬದಲಿಸಿಕೊಂಡರು. ಎತ್ತಿದ ಕೂಡಲೆ ಹೆಸರು, ಮನೆತನ, ಊರು ಹೇಳಬಾರದು. ಒಂದೇ ಹಲೋ. ಉತ್ತರವಿಲ್ಲದಿದ್ದರೆ ಮನಸ್ಸಿನಲ್ಲಿ ಐದು ಎಣಿಸಿ ಮೆಲ್ಲಗೆ ಇಟ್ಟುಬಿಡುವುದು. ಬೈಯಬಾರದು, ಶಾಪ ಹಾಕಬಾರದು, ಅಳಬಾರದು. ಕಾಡಿಸುವುದಕ್ಕೇ ಮಾಡುವವನಿಗೆ ಬೇಕಾಗಿರುವುದು ನಮ್ಮ ದನಿಯ ನಡುಕ. ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಕೂಗಾಡಿದರೆ, ಹನ್ನೊಂದು ಸಲ ಮಾಡಿದರೆ ಸಿಗುತ್ತದೆ ಎಂದು ನಾವೇ ಅವನಿಗೆ ಕಲಿಸಿದಂತೆ. ಕಿವಿಗೆ ಸೀಟಿ ಊದಿ ಎಂದು ಕೆಲವರು ಹೇಳಿಕೊಡುತ್ತಾರೆ. ನಾನು ಯಾರಿಗೂ ಹೇಳುವುದಿಲ್ಲ. ಆಚೆ ಕಡೆ ಕಿವಿ ಕೇಳದ ವೃದ್ಧರೋ ತಪ್ಪು ನಂಬರು ಒತ್ತಿದ ಮಗುವೋ ಇರಬಹುದು.

ಹದಿನೈದು ದಿನದ ಕೊನೆಗೆ ಕ್ಯಾಲೆಂಡರಿನಲ್ಲಿ 31 ಗುರುತು. 27 ಕರೆ ಬೆಳಿಗ್ಗೆ ಹತ್ತರಿಂದ ಸಂಜೆ ಏಳರೊಳಗೆ. ಭಾನುವಾರ ಒಂದೂ ಇಲ್ಲ, ದೀಪಾವಳಿಯ ದಿನವೂ ಇಲ್ಲ. ಹೊಸ ಸೆಟ್ಟಿನಲ್ಲಿ ಕಂಡ ನಂಬರುಗಳಲ್ಲಿ ಬಹಳಷ್ಟು 140ರಿಂದ ಶುರುವಾಗುವಂಥವು. ಆ ಸರಣಿ ಜಾಹೀರಾತು ಕರೆಗಳಿಗೆಂದೇ ಮೀಸಲು. ಅತ್ತೆ ಬರೆದಿದ್ದ ಒಂದು ಸಾಲನ್ನು ನಾನು ಎರಡು ಸಲ ಓದಿಸಿದೆ: "ಹಿಂದೆ ಸಂತೆಯಲ್ಲಿ ಮಾತಾಡಿದ ಹಾಗೆ ಗಲಾಟೆ, ಆಮೇಲೆ ಒಬ್ಬಳು ಹಿಂದಿಯಲ್ಲಿ ಲೋನು ಬೇಕಾ ಅಂದಳು."

ಇದರ ಒಳಗುಟ್ಟನ್ನು ಅವರಿಗೆ ವಿವರಿಸಿದೆ, ನಿಮಗೂ ಹೇಳುತ್ತೇನೆ. ಕಾಲ್ ಸೆಂಟರಿನಲ್ಲಿ ಒಬ್ಬೊಬ್ಬರೇ ಕೂತು ನಂಬರು ಒತ್ತುವುದಿಲ್ಲ. ಯಂತ್ರ ಒತ್ತುತ್ತದೆ. ಎಲ್ಲರೂ ಎತ್ತುವುದಿಲ್ಲ ಎಂದು ಅಂದಾಜು ಹಾಕಿ, ಕೂತ ಜನರಿಗಿಂತ ಹೆಚ್ಚು ನಂಬರುಗಳಿಗೆ ಒಟ್ಟಿಗೆ ಕರೆ ಹೋಗುತ್ತದೆ. ಯಾರು ಮೊದಲು ಎತ್ತಿದರೋ ಅವರಿಗೆ ಅಲ್ಲಿನ ಹುಡುಗಿಯ ಜೋಡಣೆ. ಅಂದಾಜಿಗಿಂತ ಹೆಚ್ಚು ಮನೆಯವರು ಎತ್ತಿದರೆ ಉಳಿದವರ ಕಿವಿಗೆ ಸಿಗುವುದು ಬರೀ ಮೌನ, ಆಮೇಲೆ ಟಕ್. ಎತ್ತಿದ್ದು ಮನುಷ್ಯರೋ ಯಂತ್ರವೋ ಎಂದು ಅದು ಪರೀಕ್ಷಿಸುವ ಒಂದೆರಡು ಕ್ಷಣವೂ ಮೌನವೇ. ನಂಬರು ಜೀವಂತವಿದೆಯೇ, ಯಾವ ಹೊತ್ತಿಗೆ ಎತ್ತುತ್ತಾರೆ ಎಂದು ತಿಳಿಯಲಿಕ್ಕಷ್ಟೇ ಬರುವ ಕರೆಗಳೂ ಉಂಟು. ಹಗಲು ತಪ್ಪದೆ ಜನರಿರುವ, ಎರಡೇ ರಿಂಗಿಗೆ ಎತ್ತುವ ತೋಟದ ಮನೆ ಇಂಥ ಯಂತ್ರಕ್ಕೆ ಒಳ್ಳೆಯ ಗಿರಾಕಿ.

ಭಾಗೀರಥಿ ಕೇಳುತ್ತ ಕೇಳುತ್ತ ಕಂಬಕ್ಕೆ ಒರಗಿದರು. "ಹಾಗಾದರೆ ಮೂರು ತಿಂಗಳು ನಾನು ಮಷೀನಿನ ಜೊತೆ ಜಗಳ ಮಾಡಿದೆನಾ?" ಎಂದರು. ಸೊಸೆಯ ಕಡೆ ಮಾತ್ರ ನೋಡಲಿಲ್ಲ.

ಅದೇ ದಿನ ಅದೇ ಫೋನಿನಿಂದ 1909ಕ್ಕೆ ಕರೆ ಮಾಡಿ ಜಾಹೀರಾತು ಕರೆ ಬೇಡವೆಂದು ನೋಂದಾಯಿಸಿದರು. ಮೊಬೈಲಿನವರು ಅದೇ ಸಂಖ್ಯೆಗೆ ಸಂದೇಶ ಕಳಿಸಿಯೂ ಮಾಡಬಹುದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್, ಅಂದರೆ ಕಾಡಬೇಡಿ) ಆ್ಯಪ್ ಕೂಡ ಇದೆ. ನೋಂದಾಯಿಸಿದ ಮೇಲೂ ಬಂದರೆ ನಂಬರು, ದಿನಾಂಕ, ಸಮಯ ಕೊಟ್ಟು ದೂರು ಕೊಡಬೇಕು. ಮೊದಲು ದೂರಿಗೆ 3 ದಿನದ ಗಡುವಿತ್ತು, 2025ರ ಫೆಬ್ರುವರಿಯ ತಿದ್ದುಪಡಿಯಲ್ಲಿ ಅದು 7 ದಿನವಾಯಿತು. ಕ್ಯಾಲೆಂಡರಿನ ಬರಹ ಇಲ್ಲಿ ಕೆಲಸಕ್ಕೆ ಬಂತು. ತಿಂಗಳೊಳಗೆ ಹಗಲಿನ ಕರೆಗಳು ವಾರಕ್ಕೆ ಒಂದೋ ಎರಡೋ ಆಗಿ ಇಳಿದವು. ಬ್ಯಾಂಕು, ಪಾರ್ಸೆಲ್ ಎಂದು ಹೆದರಿಸಿ ದುಡ್ಡು ಎಳೆಯುವ ಕರೆಗಳ ದಾರಿ ಬೇರೆ. ಅವುಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದ ಚಕ್ಷು ವಿಭಾಗಕ್ಕೆ ತಿಳಿಸಬೇಕು, ಹಣ ಹೋಗಿದ್ದರೆ ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಉಳಿದದ್ದು ನಾಲ್ಕು ಕರೆ. ನಾಲ್ಕೂ ರಾತ್ರಿ ಒಂಬತ್ತರ ಮೇಲೆ, ಒಂದೇ ಮೊಬೈಲ್ ನಂಬರಿನಿಂದ. ಉಸಿರು ಕೇಳಿಸಿತು ಎಂದು ಅತ್ತೆ ಬರೆದಿದ್ದರು. ಇದು ಯಂತ್ರವಲ್ಲ, ಯಂತ್ರವೆಂದು ಹೇಳಿ ಅವರನ್ನು ಸಮಾಧಾನ ಮಾಡುವುದು ನನಗೆ ಬೇಕಿರಲಿಲ್ಲ. ಗಂಡ ತನ್ನ ಮೊಬೈಲಿನಿಂದ ಹಿಂದಿರುಗಿ ಕರೆದು ಬೈದುಬಿಡುತ್ತೇನೆ ಎಂದು ಎದ್ದ. ಬೇಡವೆಂದೆ, ಇನ್ನೊಂದು ನಂಬರು ಅವನ ಕೈಗೆ ಕೊಟ್ಟ ಹಾಗಾಗುತ್ತದೆ. ಮುಂದಿನ ಸಲ ಬಂದಾಗ ಒಂದೇ ಒಂದು ಸಲ, ಗಟ್ಟಿಯಾಗಿ, ಸಿಟ್ಟಿಲ್ಲದೆ, "ಈ ನಂಬರಿಗೆ ಇನ್ನು ಕರೆ ಮಾಡಬೇಡಿ" ಎಂದು ಹೇಳಿ ಇಡಬೇಕು. ಅದಕ್ಕೂ ಕಾರಣವಿದೆ. ಹೆಂಗಸು ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡಸು ಪದೇ ಪದೇ ಸಂಪರ್ಕಿಸಲು ನೋಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಬೆನ್ನುಹತ್ತಿ ಕಾಡುವ ಅಪರಾಧ. ಹೆಸರು ಮರೆಸಿ ಬೆದರಿಕೆ ಹಾಕಿದರೆ 351ನೇ ಕಲಮಿನ 4ನೇ ಉಪಕಲಮು ಬರುತ್ತದೆ. ಮೌನವೊಂದೇ ಬೆದರಿಕೆಯಾಗುವುದಿಲ್ಲ, ಅದಕ್ಕೇ ಎಷ್ಟು ಸಲ, ಯಾವ ಹೊತ್ತು ಎಂಬ ದಾಖಲೆಗೆ ತೂಕ.

ಮತ್ತೆರಡು ಸಲ ಬಂತು. ಮಾವ ಮತ್ತು ಗಂಡ ಠಾಣೆಗೆ ಲಿಖಿತ ದೂರು, ಕ್ಯಾಲೆಂಡರಿನ ಪುಟದ ಜೆರಾಕ್ಸ್, ಸೆಟ್ಟಿನ ಪರದೆಯ ಫೋಟೊ ಕೊಟ್ಟುಬಂದರು. ದುಡ್ಡು ಕೊಟ್ಟರೆ ಕರೆಯ ವಿವರ ತೆಗೆಸಿಕೊಡುತ್ತೇನೆ ಎಂದು ಪರಿಚಯದವರೊಬ್ಬರು ಮುಂದೆ ಬಂದಿದ್ದರಂತೆ. ಅದು ಅಪರಾಧ, ಆ ವಿವರ ಕೇಳುವ ಅಧಿಕಾರ ತನಿಖೆ ಮಾಡುವವರಿಗೆ, ನ್ಯಾಯಾಲಯಕ್ಕೆ ಮಾತ್ರ. ಎರಡು ವಾರದ ಮೇಲೆ ಠಾಣೆಯಿಂದ ಬಂದ ಉತ್ತರ ಇಷ್ಟೇ: ಸಿಮ್ಮು ಬೇರೆ ರಾಜ್ಯದ ಯಾರದೋ ಹೆಸರಿನಲ್ಲಿದೆ, ಈಗ ಬಂದ್ ಆಗಿದೆ. ರಾತ್ರಿಯ ಕರೆ ನಿಂತಿತು.

ಇಲ್ಲಿ ನಾನು ತಪ್ಪಿದೆ. ಕರೆ ನಿಂತಿತಲ್ಲ, ಇನ್ನು ಯಾರೆಂಬುದನ್ನು ಬಿಟ್ಟುಬಿಡು, ಮುಂದೆ ನೋಡು ಎಂದು ಸುಮಾಳಿಗೆ ಹೇಳಿದೆ. ಅವಳು ಬಹಳ ನಿಧಾನವಾಗಿ ಉತ್ತರ ಕೊಟ್ಟಳು. "ನಿಮಗೆ ಕರೆ ನಿಂತಿತು ಅಕ್ಕ. ಚೌತಿಗೆ ಬಂದ ನಾದಿನಿಗೆ ಅತ್ತೆ ಹೇಳಿದ್ದಾರೆ. ಕೆಳಗಿನಮನೆ ಚಿಕ್ಕಮ್ಮನಿಗೆ ಹೇಳಿದ್ದಾರೆ. ನನ್ನ ಅಮ್ಮನಿಗೆ ಫೋನು ಮಾಡಿ, ನಿಮ್ಮ ಮಗಳಿಗೆ ಮದುವೆಗೆ ಮೊದಲು ಏನಾದರೂ ಇತ್ತಾ ಎಂದು ಕೇಳಿದ್ದಾರೆ. ಅವನು ಯಾರು ಅಂತ ಗೊತ್ತಾಗದಿದ್ದರೆ ಅವರೆಲ್ಲರ ಮನಸ್ಸಿನಲ್ಲಿ ಅವನು ನನ್ನವನೇ."

ನನ್ನ ಟಿಪ್ಪಣಿಯಲ್ಲಿ ಅಲ್ಲಿಯವರೆಗೆ ಆ ಮೂರು ಜನ ಇರಲೇ ಇಲ್ಲ. ಮನೆಯೊಳಗಿನ ನಾಲ್ವರನ್ನಷ್ಟೇ ಲೆಕ್ಕ ಹಿಡಿದಿದ್ದೆ.

ಕರೆದವನ ಹೆಸರು ಸಿಗುವ ಹಾಗಿರಲಿಲ್ಲ. ಆದರೆ ಹೊರಗೆ ಹೋದ ಮಾತು ಹೋದ ದಾರಿಯಲ್ಲೇ ವಾಪಸು ಬರಬಹುದಿತ್ತು. ಭಾಗೀರಥಿಯವರನ್ನು ಒಬ್ಬರನ್ನೇ ಕರೆಸಿ ಕೇಳಿದೆ. ಸೊಸೆಯ ಹತ್ತಿರ ಕ್ಷಮೆ ಕೇಳಿ ಎನ್ನಲಿಲ್ಲ. ಅವರ ವಯಸ್ಸಿನವರಿಗೆ ಮನೆಯೊಳಗಿನ ಕ್ಷಮೆ ಒಂದು ಲೋಟ ಕಷಾಯ ಕೈಗೆ ಕೊಟ್ಟರೆ ಮುಗಿಯುತ್ತದೆ, ಅದನ್ನು ಅವರು ಆಗಲೇ ಮಾಡಿದ್ದರು, ಸುಮಾ ಅದನ್ನು ಅರ್ಥ ಮಾಡಿಕೊಂಡೂ ಇದ್ದಳು. ನಾನು ಕೇಳಿದ್ದು ಆ ಮೂವರ ಹತ್ತಿರ, ಅದೇ ಬಾಯಿಯಿಂದ, "ನಾನು ತಪ್ಪು ತಿಳಿದಿದ್ದೆ" ಎಂದು ಹೇಳಬೇಕೆಂದು. ಸುಮ್ಮನೆ "ಸರಿಯಾಯಿತು" ಎಂದರೆ ಸಾಲದು. ಅವರು ಸೆರಗಿನ ತುದಿ ಮಡಚುತ್ತ ಬಹಳ ಹೊತ್ತು ಕೂತರು. "ಬೀಗತಿಗೆ ಹೇಗೆ ಹೇಳಲಿ?" ಎಂದರು. ಹೇಗೆ ಹೇಳುವುದೆಂದು ಇಬ್ಬರೂ ಕೂತು ಮಾತು ಕಟ್ಟಿದೆವು.

ಸುಮಾಳ ಮೈಯ ಹೆದರಿಕೆ ಮಾತ್ರ ಮಾತಿನಿಂದ ಹೋಗುವಂಥದ್ದಲ್ಲ. ರಿಂಗಿನ ಸದ್ದಿಗೆ ಅವಳ ಎದೆ ಪಾಠ ಕಲಿತುಬಿಟ್ಟಿತ್ತು. ಫೋನನ್ನು ಜಗಲಿಯಿಂದ ನಡುಮನೆಗೆ ತಂದು, ರಿಂಗಿನ ರಾಗ ಬದಲಿಸಿ, ಸದ್ದು ತಗ್ಗಿಸಿದರು. ದಿನಾ ಸಂಜೆ ಮೊದಲೇ ಗೊತ್ತುಮಾಡಿದ ಹೊತ್ತಿಗೆ ಅವಳ ಅಮ್ಮನೇ ಕರೆ ಮಾಡುತ್ತಿದ್ದರು. ಸುಮಾ ಮೂರು ರಿಂಗು ಆಗುವವರೆಗೆ ಉಸಿರು ಉದ್ದಕ್ಕೆ ಬಿಡುತ್ತ ನಿಂತು ಆಮೇಲೆ ಎತ್ತಬೇಕು. ಮೊದಲ ವಾರ ಕೈ ನಡುಗುತ್ತಿತ್ತು. ಐದನೇ ವಾರದ ಹೊತ್ತಿಗೆ ಒಲೆಯ ಮೇಲೆ ದೋಸೆ ಬಿಟ್ಟು ಬಂದು ಎತ್ತಿದೆ ಎಂದು ಹೇಳಿದಳು. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ನಂಬರು ಬರೆದುಕೊಟ್ಟಿದ್ದೆ. ಅಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎರಡು ಸಲ ಮಾಡಿದ್ದಾಳೆ.

ಭಾಗೀರಥಿ ಮೊದಲು ಬೀಗತಿಗೇ ಫೋನು ಮಾಡಿದರು, ಅದೇ ನಂಬರಿನಿಂದ, ಸುಮಾ ಎದುರು ನಿಂತಿರುವಾಗ. ನಾದಿನಿಗೆ ಅವಳು ಮತ್ತೆ ಬಂದಾಗ ಹೇಳಿದರು. ಕೆಳಗಿನಮನೆಗೆ ಇನ್ನೂ ಹೋಗಿಲ್ಲ. ಅಡಿಕೆ ಸುಲಿಯುವುದು ಮುಗಿಯಲಿ, ಹೋಗುತ್ತೇನೆ ಎಂದಿದ್ದಾರೆ. ಮುಂದಿನ ತಿಂಗಳು ನಾನು ಆ ಮನೆಗೆ ಹೋಗುವುದಿದೆ, ಆಗ ಕೇಳುತ್ತೇನೆ.