ಓದುಗರ ಪ್ರಶ್ನೆಗಳು: ವೇಗದ ಮಾದರಿ ವಿಮಾನಕ್ಕೆ ಯಾವ ಎಂಜಿನ್, ಯಾವ ಪ್ರೊಪೆಲ್ಲರ್?

ಪ್ರಶ್ನೆ: ಎರಡು ವರ್ಷಗಳಿಂದ ರೇಡಿಯೊ ನಿಯಂತ್ರಿತ ತರಬೇತಿ ವಿಮಾನವನ್ನು ಹಾರಿಸುತ್ತಿದ್ದೇನೆ. ಅದಕ್ಕೆ 46 ಗಾತ್ರದ ಗ್ಲೋ ಎಂಜಿನ್ (ಕಾದ ತಂತಿಯಿಂದ ಇಂಧನ ಹೊತ್ತಿಸುವ ಪುಟ್ಟ ಎಂಜಿನ್) ಹಾಗೂ 11×5 ಪ್ರೊಪೆಲ್ಲರ್ ಇದೆ. ಈಗ ತುದಿಯಿಂದ ತುದಿಗೆ 1.2 ಮೀಟರ್ ರೆಕ್ಕೆಯ ವೇಗದ ವಿಮಾನವೊಂದನ್ನು ಬಾಲ್ಸಾ ಕಟ್ಟಿಗೆಯಲ್ಲಿ ಕಟ್ಟುತ್ತಿದ್ದೇನೆ; ತೂಕ ಎರಡು ಕಿಲೊ ಒಳಗೆ ಬರಬಹುದು. ಹಳೆಯ ಎಂಜಿನ್ ಸಾಲದು, 61 ಗಾತ್ರದ್ದನ್ನು ಕೊಳ್ಳಬೇಕು ಎಂದು ಸ್ನೇಹಿತರು ಹೇಳುತ್ತಾರೆ. ನಿಮ್ಮ ಸಲಹೆ ಏನು?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹಳೆಯ ಎಂಜಿನ್ ಸಾಕು. ನೀವು ಬದಲಿಸಬೇಕಾದದ್ದು ಅದರ ಮೂಗಿಗೆ ಸಿಕ್ಕಿಸಿದ ಪ್ರೊಪೆಲ್ಲರನ್ನು. ಅದಕ್ಕೆ ತಗಲುವ ವೆಚ್ಚ ಹೊಸ ಎಂಜಿನ್ನಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ.

46 ಎಂದರೆ 0.46 ಘನ ಇಂಚು, ಅಂದರೆ ಸುಮಾರು 7.5 ಸಿಸಿ, 61 ಎಂದರೆ 10 ಸಿಸಿ. ಸಾಮರ್ಥ್ಯ ಮೂರನೆಯ ಒಂದು ಭಾಗದಷ್ಟು ಹೆಚ್ಚಿದಂತೆ ಕಾಣುವುದು ನಿಜ. ಆದರೆ ವೇಗ ಹೆಚ್ಚಿದಂತೆ ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ: ಗಂಟೆಗೆ 100 ಕಿ.ಮೀ. ಹೋಗುವ ವಿಮಾನವನ್ನು 130 ಕಿ.ಮೀ.ಗೆ ಏರಿಸಬೇಕಾದರೆ 2.2 ಪಟ್ಟು ಶಕ್ತಿ ಬೇಕು. ಈ ಲೆಕ್ಕದಲ್ಲಿ 10 ಸಿಸಿ ಎಂಜಿನ್ನಿನಿಂದ ಸಿಗುವ ಹೆಚ್ಚುವರಿ ವೇಗ ಶೇ. 10ರ ಆಸುಪಾಸು ಮಾತ್ರ, ಅದೂ ಎಂಜಿನ್ ಮತ್ತು ಸೈಲೆನ್ಸರಿನ ನೂರು ಗ್ರಾಂಗೂ ಮೀರಿದ ಹೆಚ್ಚಿನ ತೂಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಮೂಗು ಭಾರವಾದ ವಿಮಾನಕ್ಕೆ ಬಾಲದಲ್ಲಿ ಸೀಸ ಕಟ್ಟಿ ಸಮತೋಲ ಮಾಡುವ ಹೊತ್ತಿಗೆ ಆ ಲಾಭದಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಇನ್ನು ಪ್ರೊಪೆಲ್ಲರಿನ ವಿಷಯ. 11×5ರಲ್ಲಿ ಮೊದಲನೆಯ ಅಂಕಿ ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚುಗಳಲ್ಲಿ. ಸ್ಕ್ರೂ ಒಂದು ಸುತ್ತು ತಿರುಗಿದಾಗ ಕಟ್ಟಿಗೆಯೊಳಗೆ ಎಷ್ಟು ಇಳಿಯುತ್ತದೆಯೋ ಹಾಗೆಯೇ, ಪ್ರೊಪೆಲ್ಲರ್ ಜಾರದೆ ಒಂದು ಸುತ್ತಿಗೆ ಗಾಳಿಯಲ್ಲಿ ಮುಂದೆ ಸಾಗುವ ದೂರವೇ ಪಿಚ್. ನಿಮಿಷದ ಸುತ್ತುಗಳನ್ನು ಪಿಚ್‌ನಿಂದ ಗುಣಿಸಿ 656ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಪಿಚ್ ವೇಗ ದೊರೆಯುತ್ತದೆ. ನಿಮ್ಮ ಎಂಜಿನ್ 11×5 ಅನ್ನು ನೆಲದ ಮೇಲೆ 12,500 ಸುತ್ತು ತಿರುಗಿಸುತ್ತದೆ ಎಂದು ಹಿಡಿದರೆ ಅದು 95 ಕಿ.ಮೀ. ಆಗುತ್ತದೆ. ವಿಮಾನ ಎಷ್ಟೇ ನಯವಾಗಿದ್ದರೂ, ಹಾರುವಾಗ ಸುತ್ತು ತುಸು ಹೆಚ್ಚಿದರೂ, ಈ ಮಿತಿಯಿಂದ ಬಹಳ ಮುಂದೆ ಹೋಗಲು ಅದಕ್ಕೆ ದಾರಿಯಿಲ್ಲ. ತರಬೇತಿ ವಿಮಾನಕ್ಕೆ ಅದು ತಕ್ಕದ್ದೇ: ನಿಧಾನ ವೇಗದಲ್ಲಿ ಬಲವಾದ ಎಳೆತ, ಚುರುಕಾದ ಏರಿಕೆ.

ಎಂಜಿನ್ನಿನ ಮೇಲೆ ಬೀಳುವ ಹೊರೆ ಪಿಚ್‌ಗೆ ನೇರ ಪ್ರಮಾಣದಲ್ಲಿಯೂ ವ್ಯಾಸಕ್ಕೆ ನಾಲ್ಕನೆಯ ಘಾತದಲ್ಲಿಯೂ ಏರುತ್ತದೆ. 9 ಇಂಚಿನಿಂದ 10 ಇಂಚಿಗೆ ಹೋದರೆ ಅದು ಒಂದೂವರೆ ಪಟ್ಟಾಗುತ್ತದೆ. ಆದ್ದರಿಂದ ವೇಗ ಬೇಕೆನ್ನುವವರು ವ್ಯಾಸವನ್ನು ಇಳಿಸಿ ಪಿಚ್ ಏರಿಸುತ್ತಾರೆ. ಮೇಲಿನ 12,500ರ ಆಧಾರದ ಮೇಲೆ ಲೆಕ್ಕ ಹಾಕಿದರೆ ಅದೇ ಎಂಜಿನ್ 10×6 ಅನ್ನು ಸುಮಾರು 13,300 ಸುತ್ತು ತಿರುಗಿಸಿ 122 ಕಿ.ಮೀ. ಪಿಚ್ ವೇಗ ಕೊಡುತ್ತದೆ. 9×7 ಆದರೆ 14,600 ಸುತ್ತು, 156 ಕಿ.ಮೀ. ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಈ ಗಾತ್ರದ ಎಂಜಿನ್‌ಗಳು ತಮ್ಮ ಪೂರ್ಣ ಶಕ್ತಿಯನ್ನು ಸಾಮಾನ್ಯವಾಗಿ 15,000–16,000 ಸುತ್ತಿನ ಸುಮಾರಿಗೆ ಕೊಡುತ್ತವೆ, ಮತ್ತು ವಿಮಾನ ವೇಗ ಹಿಡಿದಂತೆ ಹೊರೆ ಹಗುರಾಗಿ ಸುತ್ತು ಇನ್ನೂ ಶೇ. 10ರಷ್ಟು ಏರುತ್ತದೆ. ಅಂದರೆ 9×7 ಹಾಕಿದಾಗ ಎಂಜಿನ್ ತನ್ನ ಬಲದ ತುದಿಯನ್ನು ಮುಟ್ಟುವುದು ಆಕಾಶದಲ್ಲಿ, ಎಲ್ಲಿ ಬೇಕೋ ಅಲ್ಲಿಯೇ. ಇಷ್ಟು ದಿನ ನಿಮ್ಮ 11×5 ಆ ಬಲದ ಒಂದು ಪಾಲನ್ನು ಬಳಸದೆಯೇ ಬಿಟ್ಟಿತ್ತು.

ಹಾಗೆಂದು ಮೊದಲ ಹಾರಾಟಕ್ಕೇ 9×7 ಬೇಡ. ಪಿಚ್ ಹೆಚ್ಚಾದ ಅಲಗಿಗೆ ನಿಂತಲ್ಲಿ ಗಾಳಿ ಬಹಳ ಓರೆಯಾಗಿ ತಾಗಿ, ಅಲಗಿನ ಬೆನ್ನಿನಿಂದ ಗಾಳಿ ಹರಿದು ಬೇರ್ಪಡುತ್ತದೆ. ಸದ್ದು ಬಹಳ, ಎಳೆತ ಕಡಿಮೆ. ಕಡಲೆ ಕಿತ್ತ ಎರೆಹೊಲದಲ್ಲಿ ನಾನು ಒಮ್ಮೆ 9×8 ಹಾಕಿ ಓಡಿಸಿದ್ದೆ. ವಿಮಾನ ಏಳುವಷ್ಟು ವೇಗ ಹಿಡಿಯುವ ಮೊದಲೇ ಅದರ ಗಾಲಿ ನೆಲದ ಬಿರುಕಿಗೆ ಇಳಿದು, ಹೊಸ ಪ್ರೊಪೆಲ್ಲರ್ ಎರಡು ತುಂಡಾಯಿತು. ನಮ್ಮ ಭಾಗದಲ್ಲಿ ಟಾರು ಹಾಕಿದ ಓಟಪಥ ಯಾರಿಗೂ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ 10×6ರಿಂದ ಆರಂಭಿಸಿ, ವಿಮಾನದ ಗುಣ ಕೈಗೆ ಬಂದ ಮೇಲೆ 9×7ಕ್ಕೆ ಹೋಗಿ. ಜೋಳದ ಕೂಳೆ ಇರುವ ಹೊಲವನ್ನಂತೂ ದೂರವಿಡಿ.

ಸುತ್ತುಗಳನ್ನು ಕಿವಿಯಿಂದ ಅಳೆಯಲು ಹೋಗದೆ, ಬೆಳಕಿನಿಂದ ಕೆಲಸ ಮಾಡುವ ಟ್ಯಾಕೊಮೀಟರ್ ಒಂದನ್ನು ಇಟ್ಟುಕೊಳ್ಳಿ. ಅದು ಸರಿಯಿದೆಯೇ ಎಂದು ನೋಡಲು ಹಳೆಯ ಚೋಕಿನ ಟ್ಯೂಬ್‌ಲೈಟ್ ಸಾಕು: ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುವುದರಿಂದ ಎರಡು ಅಲಗಿನ ಲೆಕ್ಕದಲ್ಲಿ 3,000 ಎಂದು ತೋರಬೇಕು.

ವೇಗದ ಜೊತೆಗೆ ಬರುವ ಅಪಾಯವನ್ನೂ ಹೇಳಲೇಬೇಕು. 15,000 ಸುತ್ತಿನಲ್ಲಿ, 10 ಗ್ರಾಂ ತೂಗುವ ಒಂದು ಅಲಗು ತನ್ನ ಬುಡವನ್ನು ಹೊರಗೆ ಎಳೆಯುವ ಬಲ ಸುಮಾರು 125 ಕಿಲೊ ಭಾರಕ್ಕೆ ಸಮ. ಉಗುರಿನಷ್ಟು ಕಚ್ಚು ಬಿದ್ದ ಪ್ರೊಪೆಲ್ಲರನ್ನು ಅಂಟು ಹಚ್ಚಿ ಉಳಿಸಿಕೊಳ್ಳುವುದು ಜಾಣತನವಲ್ಲ. ಮುರಿದು ಎಸೆಯಿರಿ, ಮತ್ತಾರೂ ಬಳಸದಂತೆ. ಹೊಸದನ್ನೂ ಸಮತೋಲ ನೋಡಿಯೇ ಹಾಕಬೇಕು. ಎಂಜಿನ್ ಓಡುವಾಗ ಪ್ರೊಪೆಲ್ಲರಿನ ಸುತ್ತಿನ ನೇರಕ್ಕೆ ಯಾರೂ ನಿಲ್ಲಬಾರದು, ಇಂಧನದ ಹರಿವನ್ನು ಹೊಂದಿಸುವ ಸೂಜಿಯನ್ನು ಹಿಂದಿನಿಂದಲೇ ತಿರುಗಿಸಬೇಕು. ವಿಮಾನದ ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಮಡಚುಪಟ್ಟಿ) ಕೊಂಡಿಗಳಲ್ಲಿ ಸಡಿಲವಿದ್ದರೆ ತರಬೇತಿ ವಿಮಾನ ಅದನ್ನು ಸಹಿಸಿಕೊಂಡಿರಬಹುದು, ಆದರೆ ಈ ವೇಗದಲ್ಲಿ ಆ ಭಾಗ ಗಾಳಿಗೆ ಪಟಪಟನೆ ಅದುರಿ ಕ್ಷಣದಲ್ಲಿ ಕಿತ್ತುಹೋಗುತ್ತದೆ. ಗಂಟೆಗೆ 150 ಕಿ.ಮೀ. ಎಂದರೆ ಸೆಕೆಂಡಿಗೆ 42 ಮೀಟರ್. ಐದು ಸೆಕೆಂಡು ಅತ್ತ ನೋಡಿದರೆ ವಿಮಾನ 200 ಮೀಟರ್ ದಾಟಿರುತ್ತದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣ ನಿಮ್ಮ ಊರಿನಲ್ಲಿಯೇ ಇರುವುದನ್ನು ಮರೆಯಬೇಡಿ: 2021ರ ಡ್ರೋನ್ ನಿಯಮಗಳಂತೆ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಗಿಂತ ಮೇಲಿನ ಆಕಾಶ ಹಳದಿ ವಲಯಕ್ಕೆ ಸೇರುತ್ತದೆ, ಅಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ನವಲಗುಂದ ಅಥವಾ ಅಣ್ಣಿಗೇರಿಯ ಕಡೆಯ ಬಯಲು ಹುಡುಕುವುದು ಒಳ್ಳೆಯದು.

ಪ್ರಶ್ನೆ: ನನ್ನಲ್ಲಿ ವಿದ್ಯುತ್ ಮೋಟರಿನ ವಿಮಾನದ 10×7 ಪ್ರೊಪೆಲ್ಲರ್‌ಗಳು ಹಲವು ಉಳಿದಿವೆ. ಅವನ್ನು 40 ಗಾತ್ರದ ಗ್ಲೋ ಎಂಜಿನ್ನಿಗೆ ಹಾಕಬಹುದೇ?
— ಓದುಗರೊಬ್ಬರು, ಗದಗ

ಉತ್ತರ: ಖಂಡಿತ ಹಾಕಬೇಡಿ. ಮೋಟರಿನ ತಿರುಗುಬಲ ಒಂದೇ ಸಮನೆ ಹರಿಯುತ್ತದೆಯಾದ್ದರಿಂದ ಅದರ ಪ್ರೊಪೆಲ್ಲರನ್ನು ತೆಳ್ಳಗೆ, ಹಗುರಾಗಿ ಮಾಡಿರುತ್ತಾರೆ. ಎರಡು ಸ್ಟ್ರೋಕಿನ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಸುತ್ತಿಗೆಯಂತೆ ಹೊಡೆಯುತ್ತದೆ. ಆ ಹೊಡೆತಕ್ಕೆ ತೆಳು ಅಲಗು ಬುಡದಲ್ಲಿ ಸೀಳಬಹುದು. ಇದಕ್ಕೆ ಹೊರತಾಗಿ, 6.5 ಸಿಸಿ ಎಂಜಿನ್ನಿಗೆ 10×7 ಹೊರೆಯೇ ಹೆಚ್ಚು. ಗಾಜಿನ ಎಳೆ ಬೆರೆಸಿದ ನೈಲಾನಿನ, ಗ್ಲೋ ಎಂಜಿನ್ನಿಗೆಂದೇ ತಯಾರಿಸಿದ 9×6 ಅಥವಾ 10×6 ಕೊಳ್ಳಿ. ಇನ್ನು, ಕಪ್ಪತಗುಡ್ಡದ ಗಾಳಿಯಂತ್ರಗಳ ಮೂರು ಅಲಗುಗಳನ್ನು ನೋಡಿ ಮೂರು ಅಲಗಿನ ಪ್ರೊಪೆಲ್ಲರಿನ ಬಗ್ಗೆಯೂ ಕೇಳಿದ್ದೀರಿ. ನೆಲಕ್ಕೂ ಪ್ರೊಪೆಲ್ಲರಿಗೂ ಅಂತರ ಸಾಲದಿದ್ದಾಗ ವ್ಯಾಸ ಇಳಿಸಿ ಅದನ್ನು ಬಳಸುವುದುಂಟು, ವೇಗಕ್ಕಾಗಿ ಮಾತ್ರ ಎರಡು ಅಲಗಿನದೇ ಸರಿ.

ಪ್ರಶ್ನೆ: ಮಂಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಎಂಜಿನ್ ಧಾರವಾಡಕ್ಕೆ ಬಂದ ಮೇಲೆ ಹೊಗೆ ಹೆಚ್ಚು ಬಿಡುತ್ತ ಕುಂಟುತ್ತಿದೆ. ಚಿಕ್ಕ ಪ್ರೊಪೆಲ್ಲರ್ ಹಾಕಬೇಕೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಪ್ರೊಪೆಲ್ಲರಿನ ತಪ್ಪೇನೂ ಇಲ್ಲ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ 37 ಡಿಗ್ರಿ ಮಧ್ಯಾಹ್ನದಲ್ಲಿ ಇಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಶೇ. 14ರಷ್ಟು ತೆಳು. ಗಾಳಿ ಕಡಿಮೆಯಾಗಿ ಇಂಧನ ಅಷ್ಟೇ ಬಂದರೆ ಮಿಶ್ರಣ ದಟ್ಟವಾಗಿ ಹೊಗೆಯಾಡುವುದು ಸಹಜ. ಸೂಜಿಯನ್ನು ಒಂದೆರಡು ಕ್ಲಿಕ್ ಮುಚ್ಚಿ, ಗರಿಷ್ಠ ಸುತ್ತು ಸಿಕ್ಕ ಮೇಲೆ ಮತ್ತೆ 300 ಸುತ್ತು ಇಳಿಯುವಷ್ಟು ತೆರೆಯಿರಿ. ಅದಕ್ಕಿಂತ ಬಿಗಿ ಮಾಡಿದರೆ ಬಿಸಿಲಿನಲ್ಲಿ ಎಂಜಿನ್ ಕಾದು ಕಟ್ಟಿಕೊಳ್ಳುತ್ತದೆ. ತೆಳು ಗಾಳಿಯಲ್ಲಿ ಎಂಜಿನ್ನಿನ ಬಲದೊಂದಿಗೆ ಪ್ರೊಪೆಲ್ಲರಿನ ಹೊರೆಯೂ ಇಳಿಯುವುದರಿಂದ ಸುತ್ತು ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ. ಎಳೆತ ಮಾತ್ರ ತಗ್ಗಿ, ವಿಮಾನ ಏಳಲು ಮತ್ತು ಇಳಿಯಲು ತುಸು ಹೆಚ್ಚಿನ ವೇಗವನ್ನು ಕೇಳುತ್ತದೆ.