ಮನೆ ನಾಯಿಗಳಿಗೆ ಕೋಳಿಮರಿ ಪರಿಚಯ ಮಾಡಿಸುವುದು ಹೇಗೆ?

ಶಿರಸಿಯಲ್ಲಿ ಮನೆ, ಒಂದು ಲ್ಯಾಬ್ರಡಾರ್, ಒಂದು ಮುಧೋಳ ನಾಯಿ, ಈಗ ಹೊಸದಾಗಿ ಗಿರಿರಾಜ ತಳಿಯ ಕೋಳಿಮರಿಗಳು. ನಾಯಿಗಳನ್ನು ಯಾವಾಗ ಹತ್ತಿರ ಬಿಡಬಹುದು ಅಂತ ಕೇಳಿದ್ದೀರಿ. ಈ ವಾರ ಬೇಡ. ಮುಂದಿನ ವಾರವೂ ಬೇಡ.

ನಾನು ಅಂಕೋಲಾ ಕಡೆಯವನು. ನಮ್ಮ ಹಿತ್ತಲಲ್ಲಿ ನಾಯಿಗೆ ಪಾಠ ಹೇಳುವುದು ತಾಯಿಕೋಳಿ. ಮರಿ ಹತ್ತಿರ ಮೂಗು ತಂದರೆ ರೆಕ್ಕೆ ಬಿಚ್ಚಿ ಮುಖಕ್ಕೇ ಹಾರುತ್ತದೆ. ಒಮ್ಮೆ ಕುಕ್ಕಿಸಿಕೊಂಡ ನಾಯಿ ಆಮೇಲೆ ದೂರದಿಂದ ಸುತ್ತಿ ಹೋಗುತ್ತದೆ. ನಿಮ್ಮವು ಹ್ಯಾಚರಿ ಮರಿಗಳು, ಯಂತ್ರದ ಕಾವಿನಲ್ಲಿ ಹುಟ್ಟಿದವು, ತಾಯಿ ಇಲ್ಲ. ಆ ಕೆಲಸ ನೀವೇ ಮಾಡಬೇಕು.

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸಬಹುದು. ಹೇಗೂ ಬಲ್ಬಿನ ಕೆಳಗೆ ಪೆಟ್ಟಿಗೆಯಲ್ಲೇ ಇರುತ್ತವೆ. ಪೆಟ್ಟಿಗೆಯನ್ನು ಬಾಗಿಲು ಹಾಕುವ ಕೋಣೆಯಲ್ಲಿಡಿ, ಮೇಲೆ ಗಟ್ಟಿ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಮುಚ್ಚಿ. ತೆಳು ತಂತಿಯ ಕೋಳಿ ಜಾಲರಿ ಲ್ಯಾಬ್ರಡಾರ್ ಮುಂದೆ ನಿಲ್ಲುವುದಿಲ್ಲ. ಬಲ್ಬನ್ನು ಬರೀ ವೈರಿನಲ್ಲಿ ನೇತುಹಾಕಬೇಡಿ, ಸರಪಳಿ ಹಾಕಿ. ನಾಯಿ ತಳ್ಳಿ ಅದು ಪೆಟ್ಟಿಗೆಯಲ್ಲಿ ಹಾಸಿದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ.

ಇನ್ನು ಪರಿಚಯ. ಓಡಾಡಿಸಿ, ಊಟ ಹಾಕಿದ ಮೇಲೆ ಒಂದೊಂದೇ ನಾಯಿಯನ್ನು ಬೆಲ್ಟ್ ಹಾಕಿ ಕರೆತನ್ನಿ. ಮರಿ ಜಾಲರಿಯೊಳಗೆ, ನಾಯಿ ದೂರದಲ್ಲಿ. ಆಗ ನಾಯಿಯ ಮೈ ನೋಡಿ. ಬಾಲ ಸಡಿಲವಾಗಿ ಆಡಿಸಿ, ನೆಲ ಮೂಸಿ, ಮುಖ ತಿರುಗಿಸಿದರೆ ಒಳ್ಳೆಯದು. ಬಾಯಿ ಮುಚ್ಚಿ, ಮೈ ಸೆಟೆದು, ಕಣ್ಣು ಮಿಟುಕಿಸದೆ ನಿಂತರೆ "ಎಷ್ಟು ಸುಮ್ನೆ ನಿಂತಿದೆ ನೋಡಿ" ಅಂತ ಖುಷಿಪಡಬೇಡಿ. ಅದು ಹೊಂಚು. ಇನ್ನೂ ಹಿಂದಕ್ಕೆ ಕರೆದೊಯ್ಯಿರಿ, ಹೆಸರು ಕರೆದರೆ ನಿಮ್ಮ ಕಡೆ ತಿರುಗುವಷ್ಟು ದೂರಕ್ಕೆ. ತಿರುಗಿದ ಕೂಡಲೇ ತಿನ್ನಲು ಏನಾದರೂ ಕೊಡಿ. ಬೇಯಿಸಿ ಮುಳ್ಳು ತೆಗೆದ ಬಂಗಡೆ ಚೂರಿಗೆ ನಮ್ಮ ನಾಯಿ ಹತ್ತಿರ ಬಿಸ್ಕತ್ತಿಗಿಂತ ಮರ್ಯಾದೆ ಜಾಸ್ತಿ. ನಾಯಿಗೂ ಮರಿಗೂ ದೋಸ್ತಿ ಆಗಬೇಕಂತಿಲ್ಲ. ನಾಯಿಗೆ ಮರಿ ನೋಡಿ ಬೇಜಾರು ಬಂದರೆ ಸಾಕು. ಹೊಡೆದು ಕಲಿಸಲು ಹೋಗಬೇಡಿ, ನೀವು ಎದುರಿಗಿಲ್ಲದಾಗ ಹಿಡಿಯುತ್ತದೆ ಅಷ್ಟೇ.

ಮಕ್ಕಳು ಫೋಟೋಗೆ ಅಂತ ಮರಿಯನ್ನು ನಾಯಿಯ ಮೂಗಿಗೆ ಹಿಡಿಯುತ್ತಾರೆ, ಅದಂತೂ ಬೇಡವೇ ಬೇಡ. ಮರಿ ಪಟಪಟ ಅಂದರೆ ಮುಗಿಯಿತು. ಲ್ಯಾಬ್ರಡಾರ್ ಸಿಟ್ಟಿನಿಂದ ಕಚ್ಚದಿದ್ದರೂ ಬಾಯಲ್ಲಿ ಎತ್ತಿಕೊಳ್ಳುವ ಜಾತಿ. ಅಷ್ಟಕ್ಕೇ ಮರಿ ಸಾಯಬಹುದು.

ಮರಿಗಳ ಫೀಡ್ ಚೀಲ ಎತ್ತರದಲ್ಲಿಡಿ. ಕೆಲವು ಫೀಡಿನಲ್ಲಿ ರಕ್ತಭೇದಿ ತಡೆಯಲು ಮೊನೆನ್ಸಿನ್ ತರದ ಔಷಧಿ ಇರುತ್ತದೆ, ನಾಯಿಗೆ ಅದು ವಿಷವಾಗಬಹುದು. ಹಿಕ್ಕೆಯನ್ನೂ ತಿನ್ನಲು ಬಿಡಬೇಡಿ. ಆರೋಗ್ಯವಾಗಿ ಕಾಣುವ ಮರಿಯಲ್ಲೂ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು, ಮುಟ್ಟಿದವರೆಲ್ಲ ಸೋಪು ಹಾಕಿ ಕೈ ತೊಳೆಯಲಿ.

ಮುಧೋಳದ ವಿಷಯ ಬೇರೆ. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವ ಬೇಟೆನಾಯಿ ಅದು. ಲ್ಯಾಬ್ರಡಾರ್ ಪಳಗಬಹುದು. ಮುಧೋಳವನ್ನು ಮಾತ್ರ, ಮರಿಗಳು ದೊಡ್ಡ ಕೋಳಿಗಳಾದ ಮೇಲೂ, ಅವು ಅಂಗಳದಲ್ಲಿರುವಾಗ ನಾನಾದರೆ ಕಟ್ಟಿಯೇ ಇಡುತ್ತೇನೆ.